ಹತ್ತು ನಿಮಿಷ ತಡೆದದ್ದಕ್ಕೆ...

ಮಗಳು ಪದವಿ ತರಗತಿಗೆ ಸೇರಿದ ವರ್ಷ. ಒಂದು ಲ್ಯಾಪ್‌ಟಾಪ್ ಬೇಕೆಂದು ಕೇಳುತ್ತಲೇ ಇದ್ದಳು. ಹೊಲಿಗೆಯಿಂದ ಕೂಡಿಟ್ಟ ಆರು ಸಾವಿರ ರೂಪಾಯಿ ನನ್ನ ಬಳಿಯಿತ್ತು. ಆಗಲೇ ಮೊಬೈಲಿಗೆ ಬಂತು ಆ ಜಾಹೀರಾತು: ನಲ್ವತ್ತು ಸಾವಿರದ ಲ್ಯಾಪ್‌ಟಾಪ್ ಕೇವಲ 3,999 ರೂಪಾಯಿಗೆ! ಇನ್ನು ಹತ್ತೇ ನಿಮಿಷ ಬಾಕಿ!

ನಿಮ್ಮಲ್ಲಿ ಮುಚ್ಚಿಡುವುದೇಕೆ? ಹಣ ಕಳಿಸಲು ನಾನು ಹೊರಟೇ ಬಿಟ್ಟಿದ್ದೆ. ತಡೆದವಳು ಮಗಳೇ. "ಉಮ್ಮಾ, ಹತ್ತು ನಿಮಿಷ ಕಳೆಯಲಿ, ನೋಡೋಣ" ಎಂದಳು. ಸಮಯ ಮುಗಿಯಿತು. ಪುಟವನ್ನು ಮತ್ತೆ ತೆರೆದರೆ ಪುನಃ ಹತ್ತು ನಿಮಿಷ! ಮಾರುವವರ ವಿಳಾಸವಿಲ್ಲ, ವಸ್ತು ಕೈಸೇರಿದ ಮೇಲೆ ಹಣ ಕೊಡುವ ಅವಕಾಶವೂ ಇಲ್ಲ.

2016ರಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಎಂದಾಗ ಜನ ಮುಗಿಬಿದ್ದದ್ದು ನೆನಪಿದೆಯೇ? ಬಿಡಿಭಾಗಗಳ ಬೆಲೆಗಿಂತಲೂ ಕಡಿಮೆಗೆ ಯಾರು ತಾನೇ ಮಾರುತ್ತಾರೆ?

ಇಂತಹ ಸಂದೇಶದ ಕೊಂಡಿಯನ್ನು ಒತ್ತಬೇಡಿ. ಕಂಪೆನಿಯ ಅಧಿಕೃತ ವೆಬ್‌ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಅಲ್ಲಿ ಅದೇ ಬೆಲೆ ಇದೆಯೇ ನೋಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. 'ಹಣ ವಾಪಸ್ ಕೊಡುತ್ತೇವೆ, ಪಿನ್ ಒತ್ತಿ' ಎಂದರೆ ಅದು ಇನ್ನೊಂದು ಬಲೆ.

ಒಂದು ವೇಳೆ ಹಣ ಹೋಗಿದ್ದರೆ, ಮನೆಯವರು ಬೈದಾರೆಂದು ಬಾಯಿ ಮುಚ್ಚಿ ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ತಡಮಾಡದೆ ತಿಳಿಸಿದರೆ ಹಣ ವಂಚಕರ ಕೈಸೇರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಕೊನೆಗೆ ಮಗಳಿಗೆ ಪೇಟೆಯ ಪರಿಚಯದ ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪ್ ತಂದೆವು. ಹನ್ನೆರಡು ಸಾವಿರ, ಬಿಲ್ ಸಮೇತ. ನನ್ನ ಆರು ಸಾವಿರ ಮುಂಗಡ ಕೊಟ್ಟು, ಉಳಿದದ್ದನ್ನು ಹೊಲಿದು ತೀರಿಸಿದೆ. ಅಗ್ಗವಲ್ಲ, ಆದರೆ ಅದು ಮನೆಗೆ ಬಂತು.