ತಡವಾಗುವ ದಿನದ ಪಾಠ

ಪುಣೆಯ ಕಾಲೇಜೊಂದರವರು ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರರಿಗೆಂದು ಎರಡು ವರ್ಷದ ಸ್ನಾತಕೋತ್ತರ ಪಠ್ಯಕ್ರಮವೊಂದನ್ನು ರಚಿಸಿ, ಅದರ ಕರಡನ್ನು ನಮ್ಮ ಅಭಿಪ್ರಾಯಕ್ಕೆ ಕಳುಹಿಸಿದರು. ಹಿಂಜವಡಿಯಲ್ಲಿ ಇಪ್ಪತ್ತು ವರ್ಷ ಮ್ಯಾನೇಜರಿಕೆ ಮಾಡಿದವರಲ್ಲವೆ ನಾವು! ಕನ್ನಡಕ ಒರೆಸಿಕೊಂಡು ಓದಲು ಕುಳಿತೆವು. ಖರ್ಚಿನ ಅಂದಾಜಿಗೊಂದು ಪೇಪರು, ಕರಾರಿಗೊಂದು, ವೇಳಾಪಟ್ಟಿಗೊಂದು. ಎಲ್ಲವೂ ಬೇಕಾದುವೇ. ಆದರೆ ಕೆಲಸ ತಡವಾಗುವುದೆಂದು ತಿಳಿದ ದಿನ ಮ್ಯಾನೇಜರನಾದವನು ಏನು ಮಾಡಬೇಕೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಆ ದಿನ ನಮಗೂ ಒಮ್ಮೆ ಬಂದಿತ್ತು. ಗಡುವಿಗೆ ಇನ್ನೂ ಆರು ವಾರವಿದ್ದಾಗಲೇ ಕೆಲಸ ಮುಗಿಯದೆಂಬುದು ನಮಗೆ ಖಚಿತವಾಗಿತ್ತು. ಮೇಲಿನವರಿಗೆ ಹೇಳಲು ಬಾಯಿ ಬರಲಿಲ್ಲ. ‘ಎಲ್ಲ ಸರಿಯಾಗಿದೆ’ ಎಂದೇ ವಾರವಾರವೂ ಬರೆದೆವು. ಹೊಸ ಹುಡುಗರು ನಾಲ್ವರನ್ನು ಕೇಳಿ ಪಡೆದೆವು. ಅವರಿಗೆ ಕಲಿಸುವುದರಲ್ಲಿ ಹಳಬರ ಹೊತ್ತೂ ಹೋಯಿತು. ತಡವಾದ ಕೆಲಸಕ್ಕೆ ಜನರನ್ನು ಸೇರಿಸಿದರೆ ಇನ್ನಷ್ಟು ತಡವಾಗುವುದೆಂದು ಐ.ಬಿ.ಎಂ.ನ ಫ್ರೆಡ್ ಬ್ರೂಕ್ಸ್ ತಮ್ಮ ಅನುಭವದಿಂದ 1975ರಲ್ಲಿಯೇ ಬರೆದಿದ್ದರು. ಆ ಪುಸ್ತಕ ನಮ್ಮ ಮೇಜಿನ ಮೇಲೆಯೇ ಇತ್ತು! ಸಾಲದುದಕ್ಕೆ, ತಂಗಿಯ ಮದುವೆಗೆ ಧಾರವಾಡಕ್ಕೆ ಹೊರಟಿದ್ದ ಹುಡುಗನೊಬ್ಬನ ರಜೆಯನ್ನು ತಡೆದೆವು. ಗಡುವು ತಪ್ಪಿತು, ಮದುವೆ ಮುಹೂರ್ತಕ್ಕೆ ಸರಿಯಾಗಿ ನಡೆದುಹೋಯಿತು.

ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆವು. ಗೆದ್ದ ಕತೆ ಬೇಕಾದರೆ ನಮ್ಮ ಪುಣೆಯದೇ ಇದೆ: 1988ರಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆ ವಿಜಯ ಭಟ್ಕರರ ನೇತೃತ್ವದಲ್ಲಿ 1991ರ ಹೊತ್ತಿಗೆ ಪರಮ್ 8000 ಮಹಾಗಣಕವನ್ನು ಕಟ್ಟಿ ನಿಲ್ಲಿಸಿತು. ಅದನ್ನು ಅವಶ್ಯ ಓದಿಸಿರಿ. ಆದರೆ ಓದಿದ್ದು ಸಾಲದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1989ರಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗಿನ ಸ್ನಾತಕೋತ್ತರ ತರಗತಿ ತೆರೆದಾಗ, ವಿದ್ಯಾರ್ಥಿಗಳು ತಂಡ ಕಟ್ಟಿ ನಿಜವಾದ ಗಿರಾಕಿಗೇ ಕೆಲಸ ಮಾಡಿಕೊಡುವ ಏರ್ಪಾಡನ್ನು ಇಟ್ಟಿತು. ನೀವೂ ಹಾಗೆ ಮಾಡಿರಿ. ಅರ್ಧ ದಾರಿಯಲ್ಲಿ ತಂಡದಿಂದ ಒಬ್ಬನನ್ನು ತೆಗೆದುಬಿಡಿರಿ. ಗಿರಾಕಿಯ ಬೇಡಿಕೆಯನ್ನೂ ಬದಲಿಸಿರಿ. ‘ಇಷ್ಟು ದಿನ ತಡವಾಗುತ್ತದೆ, ಕಾರಣ ಇದು’ ಎಂದು ಗಿರಾಕಿಯೆದುರು ನಿಂತು ಯಾರು ಬೇಗ ಹೇಳುತ್ತಾರೋ ಅವರಿಗೆ ಹೆಚ್ಚು ಅಂಕ ಕೊಡಿರಿ. ಹೇಳಿದುದಕ್ಕಾಗಿ ಒಂದು ಅಂಕವನ್ನೂ ಕಳೆಯಬೇಡಿರಿ. ನಮ್ಮ ಕಚೇರಿಗಳಲ್ಲಿ ಕಳೆಯುತ್ತಾರೆ. ಬಾಯಿ ಕಟ್ಟುವುದು ಅದಕ್ಕೇ.

ಕಾಲೇಜಿನವರ ಉತ್ತರ ಮೊನ್ನೆ ಬಂದಿದೆ. ಸಲಹೆ ಹಿಡಿಸಿತಂತೆ, ಮೊದಲ ತರಗತಿಗೆ ನಾವೇ ಬಂದು ಮದುವೆಯ ಕತೆ ಹೇಳಬೇಕಂತೆ. ಹೇಳುವ ಮುನ್ನ ಧಾರವಾಡದ ಆತನನ್ನು ಒಂದು ಮಾತು ಕೇಳಬೇಡವೆ? ಆರು ವಾರದ ಮೊದಲೇ ನಮಗೆ ಗೊತ್ತಿತ್ತೆಂಬುದು ಆತನಿಗೆ ಇಂದಿಗೂ ತಿಳಿಯದು. ಫೋನು ಮಾಡಬೇಕು. ಇನ್ನೂ ಮಾಡಿಲ್ಲ.