ಭೂತಗನ್ನಡಿ ಮತ್ತು ಗೋಪುರ

ಮೂವತ್ತು ವರ್ಷ ಚಿತ್ರಕಲೆಯ ಉಪಾಧ್ಯಾಯನಾಗಿದ್ದು ನಿವೃತ್ತನಾದವನಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಇತರರು ಬರೆದ ಯಾವ ಚಿತ್ರವನ್ನು ಕಂಡರೂ ಅದನ್ನು ಮನಸ್ಸಿನಲ್ಲಿಯೇ ತಿದ್ದತೊಡಗುವುದು ಆ ಚಟ. ಅದು ನನಗೆ ಒಂದು ಭಾನುವಾರ ಕಲಿಸಿದ ಪಾಠವನ್ನು ಇಲ್ಲಿ ಹೇಳುತ್ತೇನೆ.

ನಾವು ಯಲಹಂಕದ ಹೊಸ ಬಡಾವಣೆಯೊಂದಕ್ಕೆ ಬಂದಾಗ ಅಲ್ಲಿನ ಅಡ್ಡರಸ್ತೆಗಳಿಗೆ ಹೆಸರಿನ ಫಲಕಗಳಿರಲಿಲ್ಲ. ಒಂದು ರಾತ್ರಿ ನೆರೆಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಿತು. ಕರೆಸಿದ ಆಂಬುಲೆನ್ಸು ನಮ್ಮ ಬೀದಿ ತಿಳಿಯದೆ ಅರ್ಧ ಗಂಟೆ ಸುತ್ತಾಡಿತು. ಪುಣ್ಯಕ್ಕೆ ಅವರು ಬದುಕಿಕೊಂಡರು. ಆದರೆ ಅವರ ಮೊಮ್ಮಗಳು ಆ ಅರ್ಧ ಗಂಟೆಯನ್ನು ಮರೆಯಲಿಲ್ಲ. ಮುಂದಿನ ವಾರವೇ ಗೆಳೆಯರನ್ನು ಕೂಡಿಕೊಂಡು ಬಡಾವಣೆಯ ಬೀದಿಗಳನ್ನೆಲ್ಲ ನಡೆದು, ಅವುಗಳನ್ನು ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ನಕ್ಷೆಯಲ್ಲಿ ಸೇರಿಸಿದಳು.

ಈ ನಕ್ಷೆಯನ್ನು 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದರು. ಅದರಲ್ಲಿ ಯಾರು ಬೇಕಾದರೂ ತಮ್ಮ ಊರಿನ ದಾರಿಯನ್ನೋ ಕೆರೆಯನ್ನೋ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು, ಹಣ ಕೊಡದೆ ಬಳಸಿಕೊಳ್ಳಬಹುದು. 2010ರಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ, ಬೇರೆ ಬೇರೆ ದೇಶಗಳ ಸ್ವಯಂಸೇವಕರು ತಮ್ಮ ಮನೆಗಳಲ್ಲಿ ಕುಳಿತೇ ಅಲ್ಲಿನ ರಾಜಧಾನಿಯ ಬೀದಿಗಳನ್ನು ಗುರುತಿಸಿದರು; ಪರಿಹಾರ ಕಾರ್ಯಕರ್ತರಿಗೆ ಅದೇ ದಾರಿದೀಪವಾಯಿತು. ಈ ಬಳಗದ ಏಷ್ಯಾ ಸಮ್ಮೇಳನ 2018ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು.

ಇಂತಹ ನಕ್ಷೆಗೆ ಒಂದು ಲಾಂಛನವುಂಟು. ನಕ್ಷೆಯ ಹಾಳೆಯ ಮೇಲೆ ಒಂದು ಭೂತಗನ್ನಡಿ. ಅದರೊಳಗೆ ಸೊನ್ನೆ, ಒಂದು ಎಂಬ ಅಂಕಿಗಳ ಸಾಲು. 2011ರಲ್ಲಿ ಅದನ್ನು ಒಮ್ಮೆ ತಿದ್ದಿ ಬರೆದಿದ್ದರೂ ಅದರ ಹುರುಳು ಮೊದಲಿನದೇ. ಆ ಭಾನುವಾರ ನಮ್ಮ ಜಗಲಿಯಲ್ಲಿ ಸೇರಿದ್ದ ತರುಣರು ಅದನ್ನು ಬದಲಿಸಬೇಕೇ ಬೇಡವೇ ಎಂದು ವಾದಿಸುತ್ತಿದ್ದರು. “ಚಿಕ್ಕದಾಗಿ ಅಚ್ಚು ಹಾಕಿದರೆ ಅಂಕಿಗಳೇ ಕಾಣುವುದಿಲ್ಲ” ಎಂದು ಒಬ್ಬನ ದೂರು. “ಆ ಅಂಕಿಗಳೇ ಅದರ ಜೀವ. ಗಣಕಯಂತ್ರದ ಭಾಷೆ ಅದು. ಚಿತ್ರದ ಹಿಂದಿರುವ ಮಾಹಿತಿಯೂ ಎಲ್ಲರದು ಎಂದು ಅದು ಸಾರುತ್ತದೆ” ಎಂದು ಮತ್ತೊಬ್ಬನ ಉತ್ತರ.

ನನ್ನ ಚಟ ಸುಮ್ಮನಿರಲಿಲ್ಲ. ಒಳಗೆ ಹೋಗಿ ಒಂದು ಹೊಸ ಲಾಂಛನವನ್ನೇ ಬರೆದು ತಂದೆ. ಮೇಖ್ರಿ ವೃತ್ತದ ಬಳಿ ಬಂಡೆಯ ಮೇಲೆ ನಿಂತಿರುವ, ಕೆಂಪೇಗೌಡರ ಹೆಸರಿನ ಗೋಪುರದ ಚಿತ್ರ ಅದು. ಕೆಲವೇ ಗೆರೆ, ಎಷ್ಟು ಚಿಕ್ಕದು ಮಾಡಿದರೂ ಅಳಿಯದು. ಮೆಚ್ಚುಗೆಯನ್ನು ನಿರೀಕ್ಷಿಸಿ ಕುಳಿತೆ.

ನೆರೆಮನೆಯ ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. “ಚಿತ್ರ ಚೆನ್ನಾಗಿದೆ, ಮೇಷ್ಟ್ರೇ. ಆದರೆ ಊರು ಇಲ್ಲಿಯವರೆಗೆ ಮಾತ್ರ ಬೆಳೆಯುತ್ತದೆ ಎಂದು ತೋರಿಸಲು ಕಟ್ಟಿದ ಗೋಪುರವಿದು ಎನ್ನುತ್ತಾರಲ್ಲವೇ? ನಮ್ಮ ಯಲಹಂಕವೇ ಅದರ ಆಚೆಗಿದೆ. ಹೈಟಿಯವರಿಗೆ ಇದು ಏನು ಹೇಳೀತು?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲೆಯಿಲ್ಲದ ನಕ್ಷೆಗೆ ನಾನು ಎಲ್ಲೆಯ ಕಲ್ಲನ್ನೇ ಗುರುತಾಗಿ ಕೊಟ್ಟಿದ್ದೆ! ಆದರೂ ಸೋಲೊಪ್ಪದೆ, “ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದಾದರೆ ಲಾಂಛನವನ್ನೇಕೆ ತಿದ್ದಬಾರದು?” ಎಂದು ಕೇಳಿದೆ.

ಅದುವರೆಗೂ ಮಾತನಾಡದೆ ಕುಳಿತಿದ್ದ ಹುಡುಗನೊಬ್ಬ ಮೆಲ್ಲನೆ ಹೇಳಿದ: “ಬೀದಿ ತಪ್ಪಾಗಿದ್ದರೆ ಅಲ್ಲಿಗೆ ನಡೆದುಹೋಗಿ ನೋಡಬಹುದು, ಸಾರ್. ನೆಲವೇ ತೀರ್ಪು ಕೊಡುತ್ತದೆ. ಲಾಂಛನ ಸರಿಯೋ ತಪ್ಪೋ ಎಂದು ನೋಡಲು ಎಲ್ಲಿಗೆ ನಡೆದುಹೋಗುವುದು?”

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ನೆಲದ ಸತ್ಯಕ್ಕೆ ನೆಲವೇ ಸಾಕ್ಷಿ. ಅದನ್ನು ಒಬ್ಬನೇ ಕಂಡು ತಿದ್ದಿದರೂ ಸರಿಯೇ. ಲಾಂಛನಕ್ಕೆ ಅಂತಹ ಸಾಕ್ಷಿಯಿಲ್ಲ. ಅದರ ಕೆಳಗೆ ಕೂಲಿ ಬಯಸದೆ ದುಡಿದವರ ಒಪ್ಪಿಗೆಯೊಂದೇ ಅದಕ್ಕೆ ಆಧಾರ. ಅದು ಅಂದವಾಗಿದೆಯೇ ಎಂಬುದಷ್ಟೇ ಪ್ರಶ್ನೆಯಲ್ಲ. ‘ಇದು ನಮ್ಮದು’ ಎಂದು ಅವರೆಲ್ಲ ಹೇಳಬಲ್ಲರೇ ಎಂಬುದೂ ಪ್ರಶ್ನೆ. ಆದ್ದರಿಂದಲೇ ಬೀದಿಯನ್ನು ತಿದ್ದಲು ಒಂದು ನಿಮಿಷ ಸಾಕಾದರೆ, ಲಾಂಛನವನ್ನು ತಿದ್ದಲು ವರ್ಷಗಳ ಚರ್ಚೆ ಬೇಕಾಗುತ್ತದೆ. ಆ ಚರ್ಚೆಯನ್ನು ಕಾಲಹರಣವೆಂದು ಭಾವಿಸಿದ್ದವನು ನಾನು. ಎಲ್ಲರಿಗೂ ಸೇರಿದ ವಸ್ತುವನ್ನು ಎಲ್ಲರದಾಗಿ ಉಳಿಸಿಕೊಳ್ಳುವ ದಾರಿ ಅದೇ ಎಂಬುದು ಆಗ ತಿಳಿಯಿತು.

ಅಂದಿನ ವಾದ ತೀರ್ಮಾನವಾಗದೆಯೇ ಮುಗಿಯಿತು. ಸಂಜೆ ಹುಡುಗರು ಕೆರೆಯ ಕಡೆಯ ಬೀದಿಗಳನ್ನು ಗುರುತಿಸಲು ಹೊರಟರು. ನಾನೂ ಚಪ್ಪಲಿ ಮೆಟ್ಟಿಕೊಂಡೆ. ಗೋಪುರದ ಚಿತ್ರವಿದ್ದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಅದರ ಬೆನ್ನು ಖಾಲಿಯಿತ್ತು. ಅಂದು ನಾವು ನಡೆದ ಮೂರು ಬೀದಿಗಳ ಹೆಸರುಗಳನ್ನು ಬರೆದುಕೊಳ್ಳಲು ಆ ಜಾಗ ಸಾಕಾಯಿತು.