ಉಂಡ ಮನೆಯ ಚರಿತ್ರೆ

ನಮ್ಮೂರಿನ ದೇವಸ್ಥಾನದ ಚರಿತ್ರೆಯನ್ನು ಬರೆದುಕೊಡುವ ಕೆಲಸ ಎರಡು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತು. ಹಳೆಯ ಲೆಕ್ಕದ ಪುಸ್ತಕವನ್ನು ತಿರುವುತ್ತಿದ್ದಾಗ ಒಂದು ಬರಹ ಕಣ್ಣಿಗೆ ಬಿದ್ದಿತು. ಗುಡಿಯ ಕಲ್ಯಾಣಿಯನ್ನು ತೋಡಿದವರೇ ಅದರ ನೀರನ್ನು ಮುಟ್ಟಿದರೆಂದು ಅವರಿಂದ ದಂಡ ವಸೂಲು ಮಾಡಿದ ಲೆಕ್ಕವದು. ಅಜ್ಜನಿಗೆ ತೋರಿಸಿದೆ. “ಅದೆಲ್ಲ ಈಗ ಯಾಕಪ್ಪಾ? ಉಂಡ ಮನೆಗೆ ಎರಡು ಬಗೆಯಬಾರದು” ಎಂದರು. ನಾನು ಆ ಪುಟವನ್ನು ಬಿಟ್ಟು ಬರೆದೆ. ಊರವರು ಮೆಚ್ಚಿದರು, ನನ್ನ ಮನಸ್ಸು ಮಾತ್ರ ಮೆಚ್ಚಲಿಲ್ಲ.

ಈಚೆಗೆ ಯೂರೋಪಿನ ಚರಿತ್ರೆಯನ್ನು ಓದುವಾಗ ಹೂಬರ್ಟ್ ಯೆಡಿನ್ ಎಂಬ ಕ್ಯಾಥೊಲಿಕ್ ಪಾದ್ರಿಯ ಪರಿಚಯವಾಯಿತು. ಟ್ರೆಂಟ್ ನಗರದ ಧರ್ಮಸಭೆಯ ಚರಿತ್ರೆಯೇ ಅವರ ಜೀವಮಾನದ ಕೆಲಸ. ಲೂಥರನ ಚಳವಳಿಯಿಂದ ಒಡೆದ ಕ್ರೈಸ್ತ ಸಮಾಜಕ್ಕೆ ಉತ್ತರ ಹುಡುಕಲು 1545ರಿಂದ 1563ರವರೆಗೆ, ನಡುನಡುವೆ ನಿಂತು, ನಡೆದ ಸಭೆಯದು. 1619ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಗ್ರಂಥದಲ್ಲಿ ವೆನಿಸ್ಸಿನ ಸಂನ್ಯಾಸಿ ಸಾರ್ಪಿ ಅದನ್ನು ಪೋಪರ ಹೂಟವೆಂದು ಹಳಿದನು. 1656–57ರಲ್ಲಿ ಜೆಸುಯಿಟ್ ಪಲ್ಲವಿಚೀನೊ ಅದನ್ನು ಸಮರ್ಥಿಸಿ ಬರೆದನು. ಇಬ್ಬರೂ ವಕೀಲರೇ! 1881ರಲ್ಲಿ ಪೋಪ್ 13ನೆಯ ಲಿಯೋ ವ್ಯಾಟಿಕನ್ನಿನ ದಫ್ತರಖಾನೆಯನ್ನು ವಿದ್ವಾಂಸರಿಗೆ ತೆರೆದ ಮೇಲೆ ಮೂಲಪತ್ರಗಳು ಬೆಳಕಿಗೆ ಬರತೊಡಗಿದವು.

ಯೆಡಿನ್ ಹುಟ್ಟಿದ್ದು 1900ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸೈಲೀಸಿಯದಲ್ಲಿ. ತಾಯಿ ಯೆಹೂದ್ಯ ಕುಲದಿಂದ ಬಂದವರು. ಆ ಒಂದೇ ಕಾರಣಕ್ಕೆ 1933ರಲ್ಲಿ ನಾಜಿ ಆಡಳಿತವು ಬ್ರೆಸ್ಲೌ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಅವರ ಹಕ್ಕನ್ನು ಕಿತ್ತುಕೊಂಡಿತು. 1939ರಲ್ಲಿ ಅವರು ದೇಶ ಬಿಟ್ಟು ರೋಮಿಗೆ ಹೋಗಿ, ಸಂತ ಪೇತ್ರನ ದೇವಾಲಯದ ಮಗ್ಗುಲಲ್ಲಿರುವ ಜರ್ಮನ್ ಪಾದ್ರಿಗಳ ವಸತಿಯಲ್ಲಿ ಆಶ್ರಯ ಪಡೆದರು. ಹತ್ತು ವರ್ಷ ಅವರಿಗೆ ಅನ್ನವಿಟ್ಟದ್ದು ಚರ್ಚು. ಜೀವ ಉಳಿಸಿದ್ದೂ ಚರ್ಚೇ.

ಆದರೆ 1949ರಲ್ಲಿ ಹೊರಬಂದ ಅವರ ಮೊದಲ ಸಂಪುಟ ಏನನ್ನು ಹೇಳುತ್ತದೆ? ಸಭೆ ಸೇರಲು ಅಷ್ಟು ತಡವೇಕಾಯಿತೆಂಬುದನ್ನು! ಸಭೆ ಕರೆಯಿರೆಂದು ಲೂಥರನು 1518ರಲ್ಲಿಯೇ ಕೇಳಿದ್ದನು. ರಾಜರ ಜಗಳಗಳ ಜೊತೆಗೆ ಪೋಪ್ 7ನೆಯ ಕ್ಲೆಮೆಂಟನ ಅಂಜಿಕೆಯೂ ಆ ತಡಕ್ಕೆ ಕಾರಣವೆಂದು ಯೆಡಿನ್ ಮುಚ್ಚುಮರೆಯಿಲ್ಲದೆ ತೋರಿಸಿದರು. ಸಭೆಯಲ್ಲಿ ತನ್ನ ವಾದವನ್ನು ಸೋತ ಸೆರಿಪಾಂಡೊ ಎಂಬುವನ ಜೀವನವನ್ನೂ 1937ರಲ್ಲಿಯೇ ಆದರದಿಂದ ಬರೆದಿದ್ದರು. ಹಾಗೆಂದು ಅವರು ಮನೆ ಬಿಟ್ಟು ಹೊರಟವರಲ್ಲ. ಬಾನ್ ನಗರದಲ್ಲಿ ಪ್ರಾಧ್ಯಾಪಕರಾಗಿ, ಎರಡನೆಯ ವ್ಯಾಟಿಕನ್ ಸಭೆಗೆ ಪರಿಣತ ಸಲಹೆಗಾರರಾಗಿ ದುಡಿದರು. 1975ರಲ್ಲಿ ನಾಲ್ಕನೆಯ ಸಂಪುಟದೊಂದಿಗೆ ಗ್ರಂಥವನ್ನು ಮುಗಿಸಿ, 1980ರಲ್ಲಿ ಪಾದ್ರಿಯಾಗಿಯೇ ತೀರಿಕೊಂಡರು.

ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಆದರೆ ಆ ಮನೆಯ ಲೆಕ್ಕವನ್ನು ಇದ್ದಂತೆ ಓದುವುದು ಎರಡು ಬಗೆದಂತೆ ಹೇಗಾದೀತು?

ಕಳೆದ ರಜೆಯಲ್ಲಿ ಆ ಪುಟವನ್ನು ಸೇರಿಸಿ ನನ್ನ ಬರಹವನ್ನು ತಿದ್ದಿದ್ದೇನೆ. ಅಜ್ಜನಿಗೆ ಓದಿ ಹೇಳುವುದು ಇನ್ನೂ ಬಾಕಿಯಿದೆ.